ಕೂಡುವ ಜಾಗದ ಪ್ರಶ್ನೆ: ಮೂರು ಪುಸ್ತಕ, ಬೀಗ ಬಿದ್ದ ಒಂದು ಕೋಣೆ

ನಮ್ಮ ತಾತನಿಗೆ ಊರಿನ ಹೋಟೆಲಿನವನು ಟೀ ಹುಯ್ಯುತ್ತಿದ್ದದ್ದು ತೆಂಗಿನ ಚಿಪ್ಪಿಗೆ. ನಮ್ಮಪ್ಪನ ಕಾಲಕ್ಕೆ ಬೇರೆ ಲೋಟ ಬಂತು. ಕುಡಿದು, ತೊಳೆದು, ಸೂರಿನ ಸಂದಿಗೆ ಅವನೇ ಸಿಕ್ಕಿಸಿ ಬರಬೇಕಿತ್ತು. ಅಪ್ಪ ಒಳಗೆ ಬೆಂಚಿನ ಮೇಲೆ ಕೂತು ಎಲ್ಲರ ಲೋಟದಲ್ಲೇ ಟೀ ಕುಡಿದ ದಿನ ನಮಗೆ ನೆನಪಿದೆ. ಆಗ ನಾವು ಐದನೇ ಕ್ಲಾಸು. ಹಾಗಾಗಿ 'ಕೂರೋಕೆ ಒಂದು ಜಾಗ' ಅನ್ನುವ ಮಾತು ನಮಗೆ ಯಾವತ್ತೂ ಸಣ್ಣ ಮಾತಾಗಿ ಕೇಳಿಸಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು ಬರೀ ಬಾಯಾರಿಕೆಗಲ್ಲ ಅಂತ ನಮ್ಮ ಹಟ್ಟಿಯ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈ ಬರಹ ಇನ್ನೊಂದು ಬಗೆಯ ಕೂರುವ ಜಾಗವನ್ನು ಕುರಿತದ್ದು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡೆಂದು ಬೆಳೆಸಿದರೂ ಹೆಣ್ಣಾದವರು, ಹೆಣ್ಣೆಂದು ಬೆಳೆಸಿದರೂ ಗಂಡಾದವರು - ಇವರು ನಮ್ಮ ಜಿಲ್ಲಾ ಕೇಂದ್ರಗಳಂಥ ಸಣ್ಣ ನಗರಗಳಲ್ಲಿ ಎಲ್ಲಿ ಕೂಡುತ್ತಾರೆ? ಕಷ್ಟಪಟ್ಟು ಕಟ್ಟಿಕೊಂಡ ಜಾಗ ಯಾಕೆ ಒಂದೆರಡು ವರ್ಷಕ್ಕೇ ಮುಚ್ಚಿಹೋಗುತ್ತದೆ? ಇವರ ಬದುಕನ್ನು ಹೇಳುವ ಪುಸ್ತಕಗಳು ಕನ್ನಡದಲ್ಲಿ ಬಂದಿವೆ. ಅವಕ್ಕೆ ವಿಮರ್ಶೆಗಳೂ ಬಂದಿವೆ. ನಮ್ಮ ವಿಮರ್ಶಕರು ದೇಹ ಅಂದರು, ಅಸ್ಮಿತೆ ಅಂದರು, ಸಂವೇದನೆಯ ಸೂಕ್ಷ್ಮ ಅಂದರು. ಕೋಣೆಯ ಬಾಡಿಗೆ ಎಷ್ಟು, ಕಟ್ಟುವವರು ಯಾರು ಅಂತ ಕೇಳಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ನಾವು ಮೂರು ಪುಸ್ತಕಗಳನ್ನು ಮತ್ತೆ ಓದಿದೆವು.

೧

ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಿತು. ಅಂಥ ಹೊತ್ತಿನಲ್ಲಿ ಕನ್ನಡದ ಹೆಸರುವಾಸಿ ಕಥೆಗಾರರೊಬ್ಬರು ಸಲಿಂಗ ಪ್ರೇಮಿಯನ್ನು ಕಥೆಯ ನಡುಮನೆಗೆ ತಂದು ಕೂರಿಸಿದ್ದು ದೊಡ್ಡ ಮಾತು. ಜಿಲ್ಲೆಯ ಲೈಬ್ರರಿಗಳಲ್ಲಿ ಹೊದಿಕೆಗೆ ನ್ಯೂಸ್‌ಪೇಪರ್ ಸುತ್ತಿ ಆ ಪುಸ್ತಕ ಓದಿದ ಹುಡುಗರನ್ನು ನಾವು ಬಲ್ಲೆವು. ಅವರಲ್ಲಿ ನಾವೂ ಒಬ್ಬರು.

ಆದರೆ ಮೋಹನಸ್ವಾಮಿ ಎಲ್ಲಿ ಉಸಿರಾಡುತ್ತಾನೆ ನೋಡಿ. ಬೆಂಗಳೂರಿನಲ್ಲಿ, ಕಂಪ್ಯೂಟರ್ ಕೆಲಸದ ಸಂಬಳದಲ್ಲಿ, ಬಾಗಿಲು ಹಾಕಿಕೊಳ್ಳಬಹುದಾದ ಮನೆಯಲ್ಲಿ. ಕಥೆಗಳು ಹಳ್ಳಿಗೂ ಹೋಗುತ್ತವೆ, ನಿಜ. ಅಲ್ಲಿ ಇರುವುದು ಹಿಂಸೆ, ಅಪಹಾಸ್ಯ, ಒಂಟಿತನ. ಬಿಡುಗಡೆ ಇರುವುದು ಊರಿನಿಂದಾಚೆ. ಕಡೆಗೆ ಅವನು ಆಫ್ರಿಕಾಕ್ಕೆ ಹೋಗಿ ಕಿಲಿಮಂಜಾರೋ ಪರ್ವತ ಹತ್ತುತ್ತಾನೆ. ಕಥೆಯಾಗಿ ಅದು ಸೊಗಸಾದ ಮುಕ್ತಾಯ. ಆದರೆ ನಾವು ಕೇಳುವುದಿಷ್ಟೆ: ಪರ್ವತದ ತುದಿಯಲ್ಲಿ ಸಿಕ್ಕ ಉಸಿರು ಅವನ ಜಿಲ್ಲೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಟೀ ಬೆಂಚಿನ ಮೇಲೆ ಯಾಕೆ ಸಿಗಲಿಲ್ಲ? ಸಂಬಳ ಇದ್ದವನು ಜಾಗವನ್ನು ಕೊಂಡುಕೊಳ್ಳುತ್ತಾನೆ. ಸಂಬಳ ಇಲ್ಲದವನು ಏನು ಮಾಡಬೇಕು? ಇದು ಲೇಖಕರ ಮೇಲೆ ಹೊರಿಸುವ ತಪ್ಪಲ್ಲ. ಅವರು ತಮಗೆ ಗೊತ್ತಿರುವ ಬದುಕನ್ನು ಸತ್ಯವಾಗಿ ಬರೆದರು. ತಪ್ಪು, ಅದೊಂದೇ ದಾರಿ ಎಂದು ಓದಿಕೊಂಡ ನಮ್ಮದು. 'ಡಿಗ್ರಿ ಮುಗಿಸು, ಬೆಂಗಳೂರು ಸೇರು, ಎಲ್ಲಾ ಸರಿಹೋಗುತ್ತೆ' ಅಂತ ಸಣ್ಣ ನಗರದ ಪ್ರತಿಯೊಬ್ಬ ಹುಡುಗನಿಗೂ ಹೇಳಿ ಕಳಿಸುತ್ತೇವೆ. ಹಂಗಾಗಿ ಸಂಘಟನೆ ಕಟ್ಟಬಲ್ಲವರೆಲ್ಲ ಬಸ್ಸು ಹತ್ತುತ್ತಾರೆ. ಉಳಿದವರಿಗೆ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವುದಕ್ಕೂ ಒಬ್ಬರು ಸಿಗುವುದಿಲ್ಲ.

ಎರಡನೆಯದು ಎ. ರೇವತಿಯವರ 'ಬದುಕು ಬಯಲು'. ತಮಿಳಿನಲ್ಲಿ ಬರೆದ ಆತ್ಮಕಥೆ, ದು. ಸರಸ್ವತಿಯವರು ಕನ್ನಡಕ್ಕೆ ತಂದರು. ರಂಗದ ಮೇಲೂ ಬಂತು. ಈ ಪುಸ್ತಕದಲ್ಲಿ ಬೆಂಗಳೂರಿನ ಹಮಾಮು ಬರುತ್ತದೆ. ಗಂಡಸರು ದುಡ್ಡು ಕೊಟ್ಟು ಬಿಸಿನೀರು ಸ್ನಾನ ಮಾಡಿ ಹೋಗುವ, ಹಿಜ್ರಾಗಳು ನಡೆಸುವ ಜಾಗ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ದಂಧೆ, ಅಲ್ಲೇ ಗುರು-ಚೇಲಾ ನ್ಯಾಯಪಂಚಾಯ್ತಿ. ಪೊಲೀಸರ ಲಾಠಿ ಬರುವುದೂ ಅಲ್ಲಿಗೇ. ನಮ್ಮ ಪ್ರಶ್ನೆಗೆ ಈ ಪುಸ್ತಕ ಒಂದು ಗಟ್ಟಿ ಉತ್ತರ ಕೊಡುತ್ತದೆ: ಹಮಾಮು ಉಳಿದದ್ದು ಯಾಕೆಂದರೆ ಅದು ಹೊಟ್ಟೆಪಾಡೂ ಆಗಿತ್ತು. ಸೌದೆಯ ಖರ್ಚನ್ನು ಬಿಸಿನೀರೇ ದುಡಿಯುತ್ತಿತ್ತು. ಯಾವ ದಾನಿಯ ಮುಂದೂ ಕೈಚಾಚಲಿಲ್ಲ. ಆದರೆ ಅದಕ್ಕೂ ಒಂದು ಬೆಲೆ ಇದೆ. ಗುರುವಿನ ಮಾತು ಮೀರಿದವರಿಗೆ ಅಲ್ಲಿ ಜಾಗವಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗಂತೂ ಅಲ್ಲಿ ಬಾಗಿಲೇ ಇಲ್ಲ.

ಮೂರನೆಯದು ಮಂಜಮ್ಮ ಜೋಗತಿಯವರು ಹೇಳಿ, ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡ 'ನಡುವೆ ಸುಳಿವ ಹೆಣ್ಣು'. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಎಂಬ ಹೆಸರಿನಲ್ಲಿ ಹುಟ್ಟಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆ ಬಿಟ್ಟು, ವಿಷ ಕುಡಿದು ಬದುಕುಳಿದು, ಇಡ್ಲಿ ಮಾರಿ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಜೀವ. ಎಲ್ಲರೂ ಪದ್ಮಶ್ರೀ ನೆನೆಯುತ್ತಾರೆ. ನಾವು ದಾವಣಗೆರೆಯ ಬಸ್‌ಸ್ಟ್ಯಾಂಡ್ ನೆನೆಯುತ್ತೇವೆ. ಯಾಕಂದ್ರೆ ತಂದೆ-ಮಗ ಇಬ್ಬರು ಕೊಡ ಹೊತ್ತು ಜೋಗತಿ ಕುಣಿತ ಕುಣಿಯುವುದನ್ನು ಆಕೆ ಕಂಡದ್ದು ಅಲ್ಲಿ. ಆಕೆಗೆ ಕಲೆ ಸಿಕ್ಕಿದ್ದು ಯಾವ ಸಭಾಂಗಣದಲ್ಲೂ ಅಲ್ಲ. ಬಾಡಿಗೆ ಇಲ್ಲದ, ಯಾರೂ 'ನೀನು ಯಾರು' ಅಂತ ಕೇಳದ, ಹೋಗೋರು ಬರೋರ ನಡುವಿನ ಬಯಲಿನಲ್ಲಿ.

ಇದರ ಜೊತೆಗೇ ಜಾತ್ರೆಯನ್ನೂ ನೆನೆಯಬೇಕು. ಸವದತ್ತಿ ಎಲ್ಲಮ್ಮನ ಗುಡ್ಡ, ಹುಲಿಗೆಮ್ಮನ ಹೊಳೆದಂಡೆ. ಭಾರತ ಹುಣ್ಣಿಮೆಯ ಗುಡ್ಡದಲ್ಲಿ ಜೋಗಪ್ಪಗಳು ಒಬ್ಬರನ್ನೊಬ್ಬರು ಕಂಡು, ಉಂಡು, ಅತ್ತು, ಜಗಳವಾಡಿ, ಮತ್ತೆ ವರ್ಷಕ್ಕಾಗುವಷ್ಟು ಬಲ ತಗೊಂಡು ಹೋಗುತ್ತಾರೆ. ಪಬ್ಬು, ಕ್ಲಬ್ಬು ಅಂತ ಹೆಸರು ಕೇಳುವ ಎಷ್ಟೋ ಮೊದಲೇ ನಮ್ಮ ನೆಲದಲ್ಲಿ ಇವರ ಕೂಡುವ ಜಾಗ ಇತ್ತು. ಇದನ್ನು ಪರದೇಶದ ರೋಗ ಅನ್ನುವವರು ಒಂದು ಸಲ ಗುಡ್ಡಕ್ಕೆ ಹೋಗಿ ಬರಲಿ. ಆದರೆ ನಾವು ಜಾತ್ರೆಯ ಭಜನೆ ಮಾಡುವವರಲ್ಲ. ದೇವಿ ಜಾಗ ಕೊಡುತ್ತಾಳೆ, ಕರಾರು ಹಾಕಿ ಕೊಡುತ್ತಾಳೆ. ಮುತ್ತು ಕಟ್ಟಿಸಿಕೊಳ್ಳಬೇಕು, ಪಡ್ಡಲಗಿ ಹಿಡಿದು ಬೇಡಬೇಕು, ಮನುಷ್ಯರಾಗಿ ಅಲ್ಲ, ದೇವರಿಗೆ ಬಿಟ್ಟವರಾಗಿ ಮಾತ್ರ ಗೌರವ. ದೇವರಿಗೆ ಬಿಡುವುದು ಅಂದರೆ ಯಾರ ಮನೆಯ ಮಕ್ಕಳನ್ನು ಬಿಡುವುದು ಎಂಬುದು ಹಟ್ಟಿಯವರಿಗೆ ಚೆನ್ನಾಗಿ ಗೊತ್ತು. ನಮಗೆ ಬೇಕಾದದ್ದು ಕರಾರಿಲ್ಲದ ಜಾಗ. ಜಾತ್ರೆ ಮುಗಿದ ಮಾರನೆಯ ದಿನವೂ ತೆರೆದಿರುವ ಜಾಗ.

೨

ಈಗ ನಾವು ಕಂಡ ಕೋಣೆಯ ಮಾತು. ಊರಿನ ಹೆಸರು ಬೇಡ. ಒಂದು ಜಿಲ್ಲಾ ಕೇಂದ್ರ. ಜೆರಾಕ್ಸ್ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಹತ್ತು ಅಡಿ ಹನ್ನೆರಡು ಅಡಿಯ ಕೋಣೆ. ಎರಡು ಚಾಪೆ, ಒಂದು ಫ್ಯಾನು, ನೀರಿನ ಕ್ಯಾನು, ಗೋಡೆಗೆ ಅಂಬೇಡ್ಕರ್ ಫೋಟೋ. ಭಾನುವಾರ ಮಧ್ಯಾಹ್ನ ಮೂರರಿಂದ ಆರು. ಬರುತ್ತಿದ್ದವರು ಹತ್ತು ಹನ್ನೆರಡು ಜನ: ಗಾರ್ಮೆಂಟ್ಸಿನವರು, ಕಾಲೇಜು ಹುಡುಗರು, ಒಬ್ಬ ಆಟೋ ಡ್ರೈವರ್, ಇಬ್ಬರು ಮಂಗಳಮುಖಿಯರು, ಒಬ್ಬ ಮೇಷ್ಟ್ರು. ಅಲ್ಲಿ ದೊಡ್ಡ ಕ್ರಾಂತಿಯೇನೂ ನಡೆಯುತ್ತಿರಲಿಲ್ಲ. ಮಂಡಕ್ಕಿ ತಿಂದು, ಹಾಡು ಹೇಳಿ, ಮನೆಯಲ್ಲಿ ಹೆಣ್ಣು ನೋಡ್ತಾ ಇದ್ದಾರೆ ಅಂತ ಒಬ್ಬ ಅತ್ತರೆ ಇನ್ನೊಬ್ಬರು ಬೆನ್ನು ಸವರುತ್ತಿದ್ದರು. ಅಷ್ಟೆ. ವಾರದ ಆ ಮೂರು ಗಂಟೆ ನಾವು ನಡಿಗೆ, ದನಿ, ಕೈಯಾಟ ಯಾವುದನ್ನೂ ಕಾವಲು ಕಾಯಬೇಕಾಗಿರಲಿಲ್ಲ.

ಎರಡು ವರ್ಷ ತುಂಬುವ ಮೊದಲೇ ಆ ಕೋಣೆಗೆ ಬೀಗ ಬಿತ್ತು. ಯಾಕೆ ಎನ್ನುವುದನ್ನು ನಾವು ಒಂದೊಂದಾಗಿ ಬಿಡಿಸಿ ಹೇಳಬೇಕು. ಯಾಕಂದ್ರೆ 'ಸಮಾಜ ಒಪ್ಪಲಿಲ್ಲ' ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಯಾರೂ ಹೊಣೆಯಾಗುವುದಿಲ್ಲ.

ಮೊದಲನೆಯದು ಬಾಡಿಗೆ. ಸಣ್ಣ ನಗರದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಕೊಡುವ ತಲೆಗಳೂ ಕಡಿಮೆ. ಬೆಂಗಳೂರಿನ ಸಭೆಗೆ ಇಬ್ಬರು ತಪ್ಪಿಸಿಕೊಂಡರೆ ಸಭೆ ನಡೆಯುತ್ತದೆ. ಇಲ್ಲಿ ಇಬ್ಬರು ತಪ್ಪಿಸಿಕೊಂಡರೆ ಆ ತಿಂಗಳ ಬಾಡಿಗೆ ಬಿದ್ದುಹೋಗುತ್ತದೆ. ಕಡೆಗೆ ಸಂಬಳ ಬರುವ ಒಬ್ಬರ ಹೆಗಲಿಗೇ ಎಲ್ಲಾ ಭಾರ. ಆ ಒಬ್ಬರಿಗೆ ವರ್ಗಾವಣೆ ಆಯಿತು ಅಂದರೆ ಕೋಣೆಗೂ ವರ್ಗಾವಣೆ. ಅಡ್ವಾನ್ಸು ಬೇರೆ, ಹನ್ನೊಂದು ತಿಂಗಳ ಅಗ್ರಿಮೆಂಟು ಬೇರೆ. ಮಾಲೀಕ 'ನೀವು ಯಾವ ಜನ' ಅಂತ ಕೇಳುತ್ತಾನೆ. ನಮಗೆ ಆ ಪ್ರಶ್ನೆಗೆ ಎರಡು ಉತ್ತರ ಮುಚ್ಚಿಡಬೇಕಿತ್ತು. ಒಂದು ಗೊತ್ತಾದರೂ ಸಾಕು, ಕೋಣೆ ಇಲ್ಲ.

ಎರಡನೆಯದು ಕಣ್ಣು. ದೊಡ್ಡ ಪಟ್ಟಣ ಮುಖವನ್ನು ಮರೆಸುತ್ತದೆ, ಸಣ್ಣ ಪಟ್ಟಣ ನೆನಪಿಟ್ಟುಕೊಳ್ಳುತ್ತದೆ. ಕಬ್ಬಿಣದ ಮೆಟ್ಟಿಲು ಹತ್ತುವವನನ್ನು ಎದುರಿನ ಪಾನ್ ಅಂಗಡಿಯವನು ನೋಡುತ್ತಾನೆ. ಅವನು ನಮ್ಮ ಮಾವನ ಊರಿನವನು. ಬೋರ್ಡು ಹಾಕಿದರೆ ಅಪಾಯ. ಹಾಕದಿದ್ದರೆ ಹೊಸಬರಿಗೆ ಜಾಗವೇ ಗೊತ್ತಾಗುವುದಿಲ್ಲ. ಈ ಇಕ್ಕಟ್ಟು ದೊಡ್ಡ ನಗರದವರಿಗೆ ಇಷ್ಟು ಬಿಗಿಯಾಗಿ ತಟ್ಟುವುದಿಲ್ಲ. ಮೇಲಾಗಿ ಕೂಡಿದವರೆಲ್ಲ ಒಳ್ಳೆಯವರು ಅಂತಿಲ್ಲವಲ್ಲ. ಪ್ರೀತಿ ಮುರಿದುಕೊಂಡ ಇಬ್ಬರು ಅದೇ ಚಾಪೆಯ ಮೇಲೆ ಎದುರುಬದುರು ಕೂರಬೇಕು. ಬೆಂಗಳೂರಿನಲ್ಲಾದರೆ ಬೇರೆ ಗುಂಪಿಗೆ ಹೋಗಬಹುದು. ಇಲ್ಲಿ ಇರುವುದೇ ಒಂದು ಕೋಣೆ. ಒಂದು ಜಗಳಕ್ಕೆ ನಾಲ್ಕು ಜನ ಬಿಟ್ಟುಹೋದರು.

ಮೂರನೆಯದು ಹೆಣ್ಣು. ಆ ಕೋಣೆಗೆ ಹೆಣ್ಣುಮಕ್ಕಳು ಬಂದದ್ದು ಎಣಿಸಿ ಮೂರು ಸಲ. ಭಾನುವಾರ ಮಧ್ಯಾಹ್ನ ಮನೆಯಿಂದ ಹೊರಡಲು ಹುಡುಗನಿಗೆ 'ಫ್ರೆಂಡ್ ಮನೆಗೆ' ಅಂದರೆ ಸಾಕು. ಹುಡುಗಿಗೆ ಜೊತೆಗೆ ತಮ್ಮನನ್ನು ಕಳಿಸುತ್ತಾರೆ. ನಾವು ಗಂಡಸರು ಸಮಯ ಗೊತ್ತು ಮಾಡುವಾಗ ಈ ಮಾತೇ ನಮಗೆ ಹೊಳೆಯಲಿಲ್ಲ. ಇದು ನಮ್ಮ ತಪ್ಪು, ಸಮಾಜದ ಹೆಸರಿನಲ್ಲಿ ಜಮಾ ಮಾಡುವಂಥದ್ದಲ್ಲ.

ನಾಲ್ಕನೆಯದು ಜಾತಿ. ಮಂಡಕ್ಕಿ ಎಲ್ಲರೂ ತಿನ್ನುತ್ತಿದ್ದರು. ಒಂದು ಭಾನುವಾರ ನಾವು ಮನೆಯಿಂದ ಮುದ್ದೆ-ಸಾರು ತಂದೆವು. ಇಬ್ಬರಿಗೆ ಅವತ್ತೇ ಹೊಟ್ಟೆನೋವು ಬಂತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇರುವುದರಲ್ಲಿ ನಮ್ಮ ದೇಶ ಎತ್ತಿದ ಕೈ.

೩

ಕೋಣೆ ಇಲ್ಲದ ಊರುಗಳಲ್ಲಿ ಪ್ರಾಜೆಕ್ಟ್ ಆಫೀಸು ಇತ್ತು ಅನ್ನಬಹುದು. ಇತ್ತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಶುರುವಾಯಿತು. ಏಡ್ಸ್ ತಡೆಯುವುದು ಅದರ ಗುರಿ. ಅದರಡಿ ಜಿಲ್ಲಾ ಕೇಂದ್ರಗಳಲ್ಲಿ ಡ್ರಾಪ್-ಇನ್ ಸೆಂಟರುಗಳು ತೆರೆದವು. ಬಂದು ಕೂರುವ, ಸ್ನಾನ ಮಾಡುವ, ಕನ್ನಡಿ ಮುಂದೆ ಸೀರೆ ಉಟ್ಟು ನೋಡಿಕೊಳ್ಳುವ ಜಾಗ. ಎಷ್ಟೋ ಜನ 'ನನ್ನಂಥೋರು ಇನ್ನೂ ಇದಾರೆ' ಅಂತ ಮೊದಲ ಸಲ ಕಂಡದ್ದು ಅಲ್ಲಿ. ಆ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಆ ಬಾಗಿಲು ತೆರೆದದ್ದು ಮನುಷ್ಯನಿಗಲ್ಲ, ಸೋಂಕಿನ ಲೆಕ್ಕಕ್ಕೆ. ರಿಜಿಸ್ಟರಿನಲ್ಲಿ ಗಂಡಸರ ಜೊತೆ ಮಲಗುವ ಗಂಡಸರಿಗೆ ಕಾಲಂ ಇತ್ತು, ಮಂಗಳಮುಖಿಯರಿಗೆ ಕಾಲಂ ಇತ್ತು. ಹೆಣ್ಣನ್ನು ಪ್ರೀತಿಸುವ ಹೆಣ್ಣಿನಿಂದ ರೋಗ ಹರಡುವುದಿಲ್ಲ ಎಂದು ಅವಳಿಗೆ ಕಾಲಂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. 2009ರಿಂದ 2013ರೊಳಗೆ ಆ ಯೋಜನೆ ಹಂತಹಂತವಾಗಿ ಸರ್ಕಾರದ ಕೈಗೆ ಹೋಯಿತು. ಸರ್ಕಾರದ ಬಜೆಟ್ಟಿನಲ್ಲಿ ಕಾಂಡೋಮಿಗೆ, ರಕ್ತಪರೀಕ್ಷೆಗೆ ಲೆಕ್ಕ ಕೂಡುತ್ತದೆ. ಹಾಡು ಹೇಳುತ್ತಾ ಕೂರುವುದಕ್ಕೆ ಕೂಡುವುದಿಲ್ಲ. ಆಮೇಲೆ 2020ರಲ್ಲಿ ಕೊರೋನಾ ಬಂತು, ಎಲ್ಲಾ ಬಾಗಿಲೂ ಮುಚ್ಚಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ; ಆಡಳಿತದ ಖರ್ಚು ಶೇಕಡಾ 50ರ ತನಕ ಇದ್ದದ್ದು ಶೇಕಡಾ 20ಕ್ಕೆ ಇಳಿಯಿತು. ರಾಜಧಾನಿಯ ಸಂಸ್ಥೆಯಿಂದ ಜಿಲ್ಲೆಯ ಪುಟ್ಟ ಸಂಘಕ್ಕೆ ಹರಿಯುತ್ತಿದ್ದ ತೂಬಿಗೇ ಕಲ್ಲು ಬಿತ್ತು. ದೊಡ್ಡ ಕೆರೆಯಲ್ಲಿ ನೀರಿದ್ದರೂ ಕೊನೆಯ ಗದ್ದೆ ಒಣಗುವುದು ಹೀಗೆ. ಕೊನೆಯ ಗದ್ದೆ ಯಾವಾಗಲೂ ಯಾರದು ಅಂತ ಕೇಳಬೇಕೆ?

ಕಾನೂನು ಬದಲಾಯಿತಲ್ಲ ಅನ್ನುತ್ತಾರೆ. ಬದಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಗುರುತನ್ನು ಒಪ್ಪಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ನಡುವಿನ ಒಪ್ಪಿತ ಪ್ರೀತಿ ಅಪರಾಧವಲ್ಲ ಎಂದಿತು. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ತಂದಿತು. ಇದೇ ರಾಜ್ಯ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹಿಜ್ರಾಗಳ ಹೆಸರು ವಿಳಾಸ ಪಟ್ಟಿ ಮಾಡಿಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿತ್ತು ಎಂಬುದನ್ನೂ ಮರೆಯಬಾರದು. ಕೋರ್ಟಿಗೆ ಹೋಗಿ ಬಡಿದಾಡಿದ ಮೇಲೆ ಆ ಪದ ಹೋಯಿತು. ಆದರೆ ಕಾನೂನಿನ ಹಾಳೆ ಮನೆ ಮಾಲೀಕನ ಕೈಗೆ ಬರುವ ಹೊತ್ತಿಗೆ ಅದರ ಮೇಲಿನ ಅಕ್ಷರ ಅಳಿಸಿಹೋಗಿರುತ್ತದೆ. ಅಸ್ಪೃಶ್ಯತೆ 1950ರಲ್ಲಿ ಸಂವಿಧಾನದಿಂದ ಹೋಯಿತು; ನಮ್ಮಪ್ಪನ ಲೋಟ ಸೂರಿನಿಂದ ಯಾವಾಗ ಇಳಿಯಿತು?

ಇನ್ನು, ಸಣ್ಣ ನಗರದಲ್ಲಿ ನಾಲ್ಕು ಜನ ಸ್ವತಂತ್ರವಾಗಿ ಕೂಡುವುದೇ ಅಪರಾಧ ಅನ್ನುವ ಪಡೆಗಳಿವೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಕೂತಿದ್ದ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದರು. 2012ರ ಜುಲೈಯಲ್ಲಿ ಅದೇ ನಗರದ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಬಡಿದರು. ಗಂಡು-ಹೆಣ್ಣು ಕೂಡಿದ್ದಕ್ಕೇ ಹೀಗಾದರೆ, ನಮ್ಮ ಮೆಟ್ಟಿಲ ಕೆಳಗೆ ಜನ ಸೇರುವುದಕ್ಕೆ ಎಷ್ಟು ಹೊತ್ತು?

೪

ಈಗ ಎಲ್ಲಾ ಮೊಬೈಲಿನಲ್ಲೇ ಸಿಗುತ್ತಾರೆ, ಕೋಣೆ ಯಾಕೆ ಅನ್ನುವ ಗೆಳೆಯರಿದ್ದಾರೆ. ಮೊಬೈಲಿನಲ್ಲಿ ಸಿಗುವುದು ಒಬ್ಬ, ಅದೂ ರಾತ್ರಿ. ಅವನು ನಿಜವೋ, ಹೊಂಚು ಹಾಕಿ ಫೋಟೋ ಹಿಡಿದು ದುಡ್ಡು ಕೀಳುವವನೋ ಗೊತ್ತಾಗುವುದು ಹೋದ ಮೇಲೆ. ಹಾಗೆ ಉಂಗುರ, ಮೊಬೈಲು ಕಳೆದುಕೊಂಡು ಬಂದ ಹುಡುಗ ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ, ಕೋಣೆಗೆ ಬಂದ. ಕೋಣೆ ಇದ್ದದ್ದಕ್ಕೆ ಬಂದ.

ಈ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಗರ್ ಮ್ಯಾಟ್ಸನ್ ಅಲ್ಲಿನ ಊರೂರು ಸುತ್ತಿ 2023ರಲ್ಲಿ ಒಂದು ಪುಸ್ತಕ ತಂದಿದ್ದಾರೆ. 2007ರಿಂದ 2019ರೊಳಗೆ ಆ ದೇಶದ ಸಲಿಂಗಿಗಳ ಬಾರುಗಳ ಪಟ್ಟಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸವೆಯಿತು ಎಂದು ಅವರು ಲೆಕ್ಕ ಹಾಕಿದರು. ಆದರೂ ಸಣ್ಣ ಊರಿನ ಒಂಟಿ ಬಾರುಗಳು ಕೆಲವು ಉಳಿದಿವೆ. ಸುತ್ತಲ ದೂರದೂರದ ಊರಿನವರಿಗೆಲ್ಲ ಅದೊಂದೇ ಜಾಗ. ಅವು ಉಳಿದದ್ದು ಬಾಗಿಲನ್ನು ಎಲ್ಲರಿಗೂ ತೆರೆದದ್ದರಿಂದ: ಗಂಡು, ಹೆಣ್ಣು, ಮುದುಕರು, ಪಕ್ಕದ ಮನೆಯವರು, ಯಾರು ಬಂದರೂ ಸರಿ. ಬಾರು ನಮಗೆ ಆಗದ ಮಾತು. ಅದರ ಬಿಲ್ಲು ನಮ್ಮ ವಾರದ ಕೂಲಿ. ಆದರೆ ಅದರೊಳಗಿನ ಪಾಠ ನಮಗೂ ಸಲ್ಲುತ್ತದೆ. ಸಣ್ಣ ಊರಿನಲ್ಲಿ ನಮ್ಮವರಿಗೆ ಮಾತ್ರ ಅಂತ ಗೋಡೆ ಕಟ್ಟಿದ ಜಾಗ, ನಮ್ಮವರ ಸಂಖ್ಯೆ ಸಾಲದೆ ಸಾಯುತ್ತದೆ. ಹಮಾಮು ಹೇಳಿದ್ದೂ ಇದನ್ನೇ: ಬಿಸಿನೀರು ಎಲ್ಲರಿಗೆ, ಮನೆ ನಮಗೆ.

೫

ಕಡೆಯ ಮಾತು ನಮ್ಮ ಮನೆಯದೇ. ಕೋಣೆ ಮುಚ್ಚುವ ಕಾಲ ಬಂದಾಗ ನಾವು ಹೋದದ್ದು ನಮ್ಮದೇ ಸಂಘಟನೆಯೊಂದರ ಹಿರಿಯರ ಬಳಿಗೆ. ಹೆಸರು ಹೇಳುವುದಿಲ್ಲ. ಅವರ ಕಚೇರಿಯ ಹಾಲು ಭಾನುವಾರ ಖಾಲಿ ಬಿದ್ದಿರುತ್ತದೆ. ನಾವು ಅಲ್ಲಿ ನೆಲ ಗುಡಿಸಿದವರು, ಅಲ್ಲೇ ಮೊದಲ ಪದ್ಯ ಓದಿದವರು.

'ಅಣ್ಣಾ, ಭಾನುವಾರ ಮೂರು ಗಂಟೆ ಹೊತ್ತು ಹಾಲು ಕೊಡಿ' ಅಂದೆವು. ವಿಷಯ ಹೇಳಿದೆವು. ಅಣ್ಣ ಸುಮಾರು ಹೊತ್ತು ಸುಮ್ಮನಿದ್ದು, 'ನೋಡಪ್ಪ, ನನಗೇನೂ ಬೇಜಾರಿಲ್ಲ. ಆದ್ರೆ ಹಳ್ಳಿಯಿಂದ ನಮ್ಮ ಹೆಣ್ಣುಮಕ್ಕಳು ಬರ್ತಾರೆ, ಸಂಘದ ಹೆಸರು ಕೆಡುತ್ತೆ' ಅಂದರು.

ಆ ಅಣ್ಣ ಕೆಟ್ಟವರಲ್ಲ. ನಮ್ಮ ಫೀಸು ಕಟ್ಟಿದವರು. ಆದರೆ 'ನನಗೇನೂ ಬೇಜಾರಿಲ್ಲ, ಬೇರೆಯವರು ಒಪ್ಪೋದಿಲ್ಲ' ಅನ್ನುವ ಮಾತನ್ನು ನಾವು ಮೊದಲು ಕೇಳಿದ್ದು ಯಾರ ಬಾಯಲ್ಲಿ? ಬೇರೆ ಲೋಟ ಇಟ್ಟಿದ್ದ ಆ ಹೋಟೆಲಿನವನ ಬಾಯಲ್ಲಿ. ಅವನೂ ಕೆಟ್ಟವನಾಗಿರಲಿಲ್ಲ, ಗಿರಾಕಿ ಒಪ್ಪೋದಿಲ್ಲ ಅನ್ನುತ್ತಿದ್ದ.

ಆದ್ದರಿಂದ ನಾವು ವಿಮರ್ಶಕರಿಗೆ ಹೇಳುವುದು: ಈ ಪುಸ್ತಕಗಳನ್ನು ನೋವಿನ ಕಥೆಗಳೆಂದು ಓದಿ ಕಣ್ಣೊರೆಸಿಕೊಂಡು ಮುಚ್ಚಿಡಬೇಡಿ. ಅವು ಜಾಗದ ಕಥೆಗಳು. ಫ್ಲ್ಯಾಟು, ಹಮಾಮು, ಬಸ್‌ಸ್ಟ್ಯಾಂಡು, ಗುಡ್ಡ, ಇವು ಯಾರಿಗೆ ಎಷ್ಟು ಬೆಲೆಗೆ ಸಿಕ್ಕವು ಎಂದು ಓದಿ. ಗೆಳೆಯರಿಗೆ ಹೇಳುವುದು: ಹಣ ಬೇಡ, ಪ್ರಾಜೆಕ್ಟ್ ಬೇಡ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ನಮ್ಮ ಚಳವಳಿಯ ಒಂದು ಕಚೇರಿ, ಒಂದು ಹಾಸ್ಟೆಲು, ಒಬ್ಬ ಮೇಷ್ಟ್ರ ಮನೆಯ ಹಜಾರ ಇದ್ದೇ ಇದೆ. ವಾರಕ್ಕೆ ಮೂರು ಗಂಟೆ. ಹೆಣ್ಣುಮಕ್ಕಳಿಗೆ ಆಗುವ ಹೊತ್ತು ಯಾವುದು ಅಂತ ಅವರನ್ನೇ ಕೇಳಿ ಸಮಯ ಗೊತ್ತು ಮಾಡಿ. ಹೊರಗೆ ಬೋರ್ಡು ಬೇಡ. ಪದ್ಯ ಓದುವ ಕೂಟ ಅಂತಲೇ ನಡೆಯಲಿ. ನಾವು ಪದ್ಯವನ್ನೂ ಓದುತ್ತೇವೆ. ಮುದ್ದೆ-ಸಾರನ್ನೂ ತರುತ್ತೇವೆ, ಉಣ್ಣುವವರು ಉಣ್ಣಲಿ.

ಬರಹದ ಉದ್ದಕ್ಕೂ 'ನಾವು' ಎಂದಿದ್ದೇವೆ. ಯಾವ ನಾವು ಎಂದು ಕೆಲವರು ಕೇಳಬಹುದು. ಹಟ್ಟಿಯ ನಾವೂ ಹೌದು, ಆ ಕೋಣೆಯ ನಾವೂ ಹೌದು. ಎರಡು ಬೇರೆಬೇರೆ ಲೋಟ ಮಾಡಿ ಇಡಬೇಡಿ.

ಕೋಣೆಯ ಎರಡು ಚಾಪೆ ಈಗ ನಮ್ಮ ಬಾಡಿಗೆ ರೂಮಿನ ಮೂಲೆಯಲ್ಲಿ ಸುತ್ತಿ ನಿಲ್ಲಿಸಿವೆ. ಎಲ್ಲಿ ಹಾಸಬೇಕು, ಹೇಳಿ.